ಅದಲು ಬದಲು

ಮಾರ್ಚ್ 3, ಸೋಮವಾರ
ಡಯಾಲಿಸಿಸ್ ಯೂನಿಟ್, ನರ್ಸ್ ಡ್ಯೂಟಿ. ಬೆಳಗಿನ ಬ್ಯಾಚ್ ಮುಗಿಯಿತು. ಏಳನೇ ಬೆಡ್‌ನ ಮೇಷ್ಟ್ರಿಗೆ ಮೊಮ್ಮಗಳ ನಾಟಕ ಮತ್ತೆ ತಪ್ಪಿತು. ಸಂಜೆ ಬ್ಯಾಚ್‌ನ ಎರಡನೇ ಬೆಡ್‌ನಾಕೆ ಬೇಕೆನ್ನುತ್ತಿದ್ದದ್ದು ಅದೇ ಬೆಳಗಿನ ಹೊತ್ತು! ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲ. ರೋಗಿಗಳೇ ಸ್ಲಾಟ್ ಬದಲಾಯಿಸಿಕೊಳ್ಳುವ ಆ್ಯಪ್ — ನೋಟ್‌ಪುಸ್ತಕದಲ್ಲಿ ಹದಿನಾಲ್ಕು ಪುಟ ಬಿಡಿಸಿದ್ದಾಯಿತು. ಹೆಸರು ಅದಲು ಬದಲು. ಡೆವಲಪರ್ ಒಬ್ಬ ಸಿಕ್ಕಿದ್ದಾನೆ. ಕದ್ದುಬಿಟ್ಟಾನೆಂದು ತೋರಿಸಲು ಭಯ.

ಮಾರ್ಚ್ 5
ಭಾವನಿಗೆ ಹೇಳಿದೆ. ಅಪ್ಪ ಹೋದ ಮೇಲೆ ಏನಿದ್ದರೂ ಅವರನ್ನೇ ಕೇಳುವುದು.
"ಆ ಹುಡುಗನ್ನ ನಂಬಿಬಿಡಬೇಡ ಕಣಮ್ಮ. ಮೊದಲು ಕಾಗದಕ್ಕೆ ಸಹಿ, ಆಮೇಲೆ ಬಾಯಿ ಬಿಡು. ಅವನ ನಂಬರ್ ಕೊಡು, ವಿಚಾರಿಸ್ತೀನಿ. ಪುಸ್ತಕದ್ದೂ ಫೋಟೊ ತೆಗೆದಿಟ್ಟಿರ್ತೀನಿ."
ಅಕ್ಕ ನಕ್ಕಳು. "ತೆಗೆದಿಡಿ. ಕನ್ನಡಕ ಮೂಗಿನ ಮೇಲಿಟ್ಕೊಂಡು ಹುಡುಕೋಳು ಇವಳು."

ಮಾರ್ಚ್ 11
ಭಾವ ಹೇಳಿದಂತೆ ಕಾಗದ ಮಾಡಿಸಲು ಹೋದೆ. ವಕೀಲೆ ಹೇಳಿದರು: "ಬರೀ ಐಡಿಯಾಗೆ ಕಾನೂನಿನ ಕಾವಲಿಲ್ಲ. ಬರೆದಿದ್ದಕ್ಕೆ, ಬಿಡಿಸಿದ್ದಕ್ಕೆ ಇದೆ. ಪುಟಪುಟಕ್ಕೂ ತಾರೀಖು ಹಾಕಿದ್ದೀರಲ್ಲ, ಒಳ್ಳೇದಾಯ್ತು." ವಾರ್ಡಿನ ಅಭ್ಯಾಸ.
ಯಾರಿಗೂ ಹೇಳುವುದಿಲ್ಲವೆಂಬ ಒಪ್ಪಂದಕ್ಕೆ ಡೆವಲಪರ್ ತಕರಾರಿಲ್ಲದೆ ಸಹಿ ಹಾಕಿದ. ಆದರೂ ಅವನ ಗುರುತಿನ ಚೀಟಿ ಎರಡು ಸಲ ನೋಡಿದೆ. ಪಾಪ.

ಏಪ್ರಿಲ್ 2, ಮಧ್ಯಾಹ್ನ
ಡೆವಲಪರನ ಫೋನ್. "ಮೇಡಂ, ನಿಮ್ಮ ಭಾವ ಬಂದಿದ್ರು. ಆ್ಯಪ್ ಅವರ ಹೆಸರಲ್ಲೇ ಮಾಡ್ಬೇಕಂತೆ. ಅವರು ತಂದ ಕಾಗದದಲ್ಲಿ ಪಾಲುದಾರರು ಅಂತ ನಿಮ್ಮಕ್ಕನ ಸಹಿ ಇತ್ತು. ಯಾವುದೋ ಆಸ್ಪತ್ರೆಗೆ ತೋರಿಸಿಯೂ ಆಗಿದೆಯಂತೆ. ನೀವು ಒಪ್ಪಿದ್ದೀರಾ?"
ಇಲ್ಲ ಎಂದೆ. ಅಷ್ಟೇ ಹೇಳಲಾದದ್ದು.
ಆಮೇಲಿನ ಬ್ಯಾಚ್‌ಗೆ ಸೂಜಿ ಹಾಕಬೇಕಿತ್ತು. ಕೈ ತೊಳೆದು ಮೊದಲನೇ ಬೆಡ್‌ಗೆ ಹೋದೆ.

ಏಪ್ರಿಲ್ 3
ಅಕ್ಕನ ಅಡುಗೆಮನೆ. "ನಿಂಗೊತ್ತಿತ್ತಾ?"
ಅಕ್ಕ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಪುಸ್ತಕದಲ್ಲೇ ಇಟ್ಕೊಂಡು ಕೂತಿರ್ತಿದ್ದೆ ಕಣೆ. ಅವರಾದ್ರೆ ನಾಲ್ಕು ಕಡೆ ಓಡಾಡ್ತಾರೆ. ನಾವೇನು ಹೊರಗಿನವ್ರಾ?"
"ಹೊರಗಿನವನು ನನ್ನನ್ನ ಒಂದು ಮಾತು ಕೇಳಿದ, ಅಕ್ಕ."
ಭಾವ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಟಿವಿ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಏಪ್ರಿಲ್ 21
ಇಷ್ಟು ದಿನ ಏನೂ ಬರೆಯಲಾಗಲಿಲ್ಲ.
ಇವತ್ತು ವಕೀಲೆಯ ಕಚೇರಿ. ನನ್ನ ಪುಟಗಳು, ಡೆವಲಪರನ ಹೇಳಿಕೆ — ಸಾಕಂತೆ. ಆ ಆಸ್ಪತ್ರೆಯವರೂ ಭಾವನ ಜೊತೆ ಮಾತುಕತೆ ನಿಲ್ಲಿಸಿದ್ದಾರೆ. ನೋಟಿಸ್ ಭಾವನಿಗೊಂದು, ಅಕ್ಕನಿಗೊಂದು.
"ಅವರ ವಿಳಾಸ ಬರೀರಿ" ಎಂದು ಹಾಳೆ ಮುಂದಿಟ್ಟರು.
ಅಕ್ಕ ಭಾವ ಈಗಿರುವುದು ಅಕ್ಕನೂ ನಾನೂ ಬೆಳೆದ ಮನೆ. ಒಂದನೇ ಕ್ಲಾಸಿನಿಂದ ಎಲ್ಲ ಪುಸ್ತಕದ ಮೇಲೂ ಬರೆದ ವಿಳಾಸ. ಕೈ ಹಿಡಿದು ಬರೆಸಿದವಳು ಅಕ್ಕ.
ಮನೆ ನಂಬರ್ ಬರೆದೆ. ರಸ್ತೆ ಬರೆದೆ. ಆಮೇಲೆ ಊರನ್ನೂ ಬರೆದು, ಹಾಳೆ ವಕೀಲೆಯತ್ತ ಸರಿಸಿದೆ.