ದಪ್ಪ ದನಿಯ ನಾಯಕಿ

ಅಕ್ಕಾ, ನಿನ್ನ ತಂಗಿಯ ನಮಸ್ಕಾರ. ಇಲ್ಲಿ ಸಂಗೀತ ನಾಟಕದವರ ಬಟ್ಟೆ ಹೊಲಿಯುವ ಕೆಲಸ ಚೆನ್ನಾಗಿ ನಡೆದಿದೆ. ನಿನ್ನೆ ಇಟಲಿಯ ಒಂದು ಹೆಸರಾಂತ ಆಟವಿತ್ತು. ಕಥೆಯ ನಾಯಕಿ ದೂರ ಹೋದ ಗಂಡನ ದಾರಿ ಕಾಯುವ ಹದಿನೆಂಟರ ಹುಡುಗಿ, ಹಾಡುವಾಕೆಗೆ ನಲವತ್ತೈದು. ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟವಳು ನಾನೇ! ವಿರಾಮದಲ್ಲಿ ಮೆಟ್ಟಿಲ ಮೇಲೆ ಕೇಳುಗರದೇ ಜಗಳ. "ಈ ದಪ್ಪ ದನಿ ಆ ಪಾತ್ರಕ್ಕೆ ಒಪ್ಪೋದೇ ಇಲ್ಲ" ಅಂತ ಒಬ್ಬ ಮುದುಕ. "ಕಾದು ಕಾದು ಸೋತವಳ ದನಿ ಇನ್ನು ಹೇಗಿರುತ್ತೆ?" ಅಂತ ಅವನ ಹೆಂಡತಿ. ವಿರಾಮ ಮುಗಿದ ಮೇಲೆ ನಾಯಕಿ ರಂಗದ ಮೇಲೆ ಬಾರದ ಗಂಡನಿಗಾಗಿ ಒಬ್ಬಳೇ ನಿಂತು ಹಾಡಿದಳು. ಪರದೆಯ ಸಂದಿಯಿಂದ ನೋಡಿದರೆ, ಮುಂದಿನ ಸಾಲಿನಲ್ಲಿ ಅದೇ ಮುದುಕ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನನಗೂ ತಡೆಯಲಾಗಲಿಲ್ಲ. ಅದು ಥೇಟ್ ನಿನ್ನ ದನಿ ಕಣೇ. ಸಂಗೀತ ಪಾಠದ ಮೇಷ್ಟ್ರು "ಗಂಡು ಗಂಟಲು" ಅಂದಾಗಿನಿಂದ ನೀನು ಹಾಡೇ ಇಲ್ಲ, ಹನ್ನೊಂದು ವರ್ಷವಾಯಿತು. ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಕಾರ್ಡಿನಲ್ಲಿ ಜಾಗ ಮುಗೀತು. ನಾನು ಬಂದ ದಿನ ಅಡುಗೆ ಆಮೇಲೆ ಮಾಡುವೆಯಂತೆ, ಮೊದಲು ನನಗೊಂದು ಹಾಡು ಹೇಳು. ಬಾಗಿಲು ತೆರೆದೇ ಇರಲಿ, ಕೇಳುವವರು ಕೇಳಲಿ.

ಆತುರದಲ್ಲಿ,
ನಿನ್ನ ಬಾಲಂಗೋಚಿ