ಒಂದೇ ರಿಂಗಿಗೆ ಎತ್ತುವ ಫೋನು

ಬನಹಟ್ಟಿ, ಶುಕ್ರವಾರ

ರಘೂತ್ತಮ ಕಾಕಾ ಅವರಿಗೆ ವರದಾಳ ನಮಸ್ಕಾರಗಳು.

ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ, ಮನೆಯ ಫೋನಿಗೆ ಡಯಲ್ ಮಾಡಿ ಯಾರು ಬೇಕಾದರೂ ಓದಿ ಬರೆದು ಹೋಗಲೆಂದು ನೀವು ಕಟ್ಟಿದ 'ಕಟ್ಟೆ'ಯನ್ನು ಪರೀಕ್ಷೆ ಮಾಡಿ ತಪ್ಪು ಹೇಳು ಎಂದಿದ್ದಿರಿ. "ಬರೇ ಛಲೋ ಅದ ಅನಬ್ಯಾಡ, ಏನು ಕೆಟ್ಟದ ಅದನ್ನ ಬರಿ" ಅಂದಿರಿ. ಮೊಬೈಲಿಗೆ ಫೋನ್ ಮಾಡಿ ಹೇಳಲು ಬಾಯಿ ಬರಲಿಲ್ಲ. ಕಟ್ಟೆಯ ಮೇಲೆ ಬರೆದರೆ ಎಲ್ಲರೂ ಓದುತ್ತಾರೆ. ಅದಕ್ಕೇ ಈ ಪತ್ರ.

ಮೊದಲು ಒಳ್ಳೆಯದು. ಟೈಪಿಂಗ್ ಕ್ಲಾಸು ಮುಚ್ಚಿದಾಗ ತಂದ ನನ್ನ ಕಂಪ್ಯೂಟರಿನಿಂದ ಜಮಖಂಡಿಯ ನಿಮ್ಮ ನಂಬರಿಗೆ ಡಯಲ್ ಮಾಡಿದರೆ, ಫೋನಿಗೆ ಸಿಕ್ಕಿಸಿದ ನಿಮ್ಮ ಮೋಡೆಮ್ ತಾನೇ ಎತ್ತಿ ಕುಂಯ್ ಎಂದು ಸಿಳ್ಳೆ ಹಾಕಿ, ಆಮೇಲೆ ನೀವು ಬರೆದಿಟ್ಟದ್ದು ಒಂದೊಂದೇ ಅಕ್ಷರವಾಗಿ ಪರದೆಗೆ ಬರುತ್ತದೆ. ಎಂ.ಎ.ಯಲ್ಲಿ ಎಷ್ಟೋ ಪುಸ್ತಕ ಓದಿದೆ. ಒಂದು ವಾಕ್ಯ ಹುಟ್ಟುವುದನ್ನು ಹೀಗೆ ಕೂತು ನೋಡಿರಲಿಲ್ಲ.

ಕಟ್ಟೆಗೆ ಬಂದವರ ಪಟ್ಟಿಯಲ್ಲಿ ನನ್ನ ಹೆಸರಿನ ನಡುನಡುವೆ ಹೆಸರು ಹೇಳದೆ ಹೋದವರೊಬ್ಬರಿದ್ದರು. "ಯಾರೋ ನಾಚಿಕಿ ಮನಷ್ಯಾ, ನಿನ್ನಂಗ" ಎಂದು ನೀವು ನಕ್ಕಿರಿ. ನನಗೆ ಕುತೂಹಲ ತಡೆಯಲಿಲ್ಲ. 'ಹೆದರಬೇಡಿ, ನಾನೂ ಹೊಸಬಳೇ' ಎಂದು ಅವರಿಗೊಂದು ಸಾಲು ಬಿಟ್ಟುಬಂದೆ.

ನಿನ್ನೆ ನಿಮ್ಮ ಮನೆಗೆ ಬಂದಾಗ ವತ್ಸಲಾ ಕಾಕೂ ಕೆಂಡವಾಗಿದ್ದರು. ಹುನ್ನೂರಿನ ಅವರ ತಂಗಿ ಮಾಲಾ ಮಾವಶಿ ಹಾಲಿನ ಕ್ಯಾನು ಬಸ್ಸಿಗೆ ಕೊಟ್ಟ ಕೂಡಲೇ, ಹಾಲು ಇಳಿಸಿಕೋ ಎಂಬ ಗುರುತಿಗೆ ನಿಮ್ಮ ಮನೆಯ ಫೋನಿಗೆ ಒಂದು ರಿಂಗ್ ಕೊಟ್ಟು ಇಡುತ್ತಾರಲ್ಲ, ಅದರ ಮಾತು. "ಖಾಲಿ ರಿಂಗ್ ಕೊಟ್ಟು ನನ್ನ ಬಸ್ ಸ್ಟ್ಯಾಂಡಿಗೆ ಕುಣಸ್ಲಿಕ್ಕೆ ಹತ್ಯಾಳ. ಹೋದ್ರ ಹಾಲೂ ಇಲ್ಲ, ಏನೂ ಇಲ್ಲ. ಇನ್ನ ಆಕಿ ಹಾಲ ಬ್ಯಾಡ, ಆಕಿನೂ ಬ್ಯಾಡ" ಅಂದರು.

ಬನಹಟ್ಟಿಗೆ ವಾಪಸ್ಸು ಬರುವಾಗ ಹುನ್ನೂರಿನಲ್ಲಿ ನಮ್ಮ ಬಸ್ಸು ನಿಂತಿತು. ಜಮಖಂಡಿ ಬಸ್ಸಿಗೆ ಕ್ಯಾನು ಹಿಡಿದು ಕಾಯುತ್ತಿದ್ದ ಮಾವಶಿ ನನ್ನ ಕಿಟಕಿಗೆ ಬಂದರು. "ಅಕ್ಕಗ ಏನಾಗ್ಯದ ವರದಾ? ನಾ ರಿಂಗ್ ಕೊಟ್ರ ಫೋನ್ ಎತ್ತತಾಳ, ಮಾತಾಡೂದಿಲ್ಲ, ಕುಂಯ್ ಅಂತ ಸಿಳ್ಳಿ ಕೇಳಸ್ತಾಳ. ನಾಳಿಂದ ನಾನೂ ಕಳಸೂದಿಲ್ಲ."

ಆ ಸಿಳ್ಳೆ ಯಾರದೆಂದು ನನಗೆ ಗೊತ್ತು. ಹೇಳುವಷ್ಟರಲ್ಲಿ ಬಸ್ಸು ಹೊರಟಿತು.

ಕಾಕಾ, ನಿಮ್ಮ ಮೋಡೆಮ್ ಮೊದಲ ರಿಂಗಿಗೇ ಎತ್ತುತ್ತದೆ. ನಾನು ಪರೀಕ್ಷೆ ಮಾಡಿದಾಗೆಲ್ಲ ನಿಮ್ಮ ಮನೆಯಲ್ಲಿ ಒಂದೇ ರಿಂಗ್ ಆಗಿ ನಿಂತಿದೆ, ಹಾಲು ಬಂತೆಂದು ಕಾಕೂ ಚಪ್ಪಲಿ ಮೆಟ್ಟಿದ್ದಾರೆ. ಮಾವಶಿಯ ರಿಂಗನ್ನೂ ಅದೇ ಎತ್ತಿ ಪಟ್ಟಿಗೆ ಸೇರಿಸಿದೆ; ಹೆಸರು ಹೇಳದ ಆ ನಾಚಿಕೆಯವರು ಮಾಲಾ ಮಾವಶಿ. ನಿಮಗೆ ಬೇಸರವಾದೀತು. ನನಗೂ ಆಯಿತು, ಅವರ ಉತ್ತರಕ್ಕೆ ಕಾದಿದ್ದೆ.

ರವಿವಾರ ಕಟ್ಟೆ ಎಲ್ಲರಿಗೂ ತೆರೆದ ಮೇಲೆ ಸಾಂಗ್ಲಿ, ಧಾರವಾಡದ ನಿಮ್ಮ ಗೆಳೆಯರೆಲ್ಲ ಡಯಲ್ ಮಾಡಿದರೆ ಕಾಕೂ ಎಷ್ಟು ಸಲ ಬಸ್ ಸ್ಟ್ಯಾಂಡಿಗೆ ಹೋಗಬೇಕು? ಐದನೇ ರಿಂಗಿಗೆ ಎತ್ತುವಂತೆ ಇಡಿ. ಒಂದಕ್ಕೇ ನಿಂತರೆ ಹಾಲು, ಬಾರಿಸುತ್ತಲೇ ಇದ್ದರೆ ಕಟ್ಟೆ. ಆದರೆ ಮೋಡೆಮ್ ಮುಟ್ಟುವ ಮೊದಲು ಕಾಕೂನ ಕರೆದುಕೊಂಡು ಹುನ್ನೂರಿಗೆ ಹೋಗಿಬನ್ನಿ. ಮಾವಶಿಗೆ ಇದನ್ನು ನಾನು ಹೇಳಿದರೆ ಸಾಲದು, ಅಕ್ಕನೇ ಹೇಳಬೇಕು.

ನಿಮ್ಮ ಕಟ್ಟೆಗೆ ಜನ ಬರಲಿ, ಕಾಕೂಗೆ ತಂಗಿಯ ಹಾಲು ಬರುತ್ತಿರಲಿ.

ನಿಮ್ಮ
ವರದಾ