ಮೂರನೇ ಗೇರಿನ ಕರಕರ

ಮಾರ್ಚ್ 9, ಭಾನುವಾರ
ಕಾರ್ಬ್ಯುರೇಟರ್ ಮತ್ತೆ ಬಿಚ್ಚಿದೆ. ಇದು ಮೂರನೇ ಸಲ. ತೊಳೆದು, ಊದಿ, ಕೂರಿಸಿ, ಮುಂದಿನಿಂದ ಹ್ಯಾಂಡಲ್ ತಿರುಗಿಸಿದೆ. ಹೊತ್ತಿಕೊಂಡಿತು! ಮಾವನವರ ಹಳೇ ಮಾರಿಸ್ ಮೈನರ್ ಕಾರು... ಇಪ್ಪತ್ತೆರಡು ವರ್ಷ ಶೆಡ್ಡಿನಲ್ಲಿ ಗೊರಕೆ ಹೊಡೆದ ಮುದುಕಿ ಕೆಮ್ಮುತ್ತಾ ಎದ್ದಳು. ಬೀದಿ ತುದಿಗೆ ಹೋಗಿ ಬಂದೆ. ಬ್ರೇಕೂ ಹಿಡಿಯಿತು. ಕುಣಿದುಬಿಡೋಣ ಅನ್ನಿಸಿತು.

ನನ್ನ ಹೆಂಡತಿ ಮಾರ್ಕೆಟ್‌ನಲ್ಲಿದ್ದಳು. ಬಂದ ಮೇಲೂ ಹೇಳಲಿಲ್ಲ. ಮೂರನೇ ಗೇರಿನಲ್ಲಿ ಕರಕರ ಸದ್ದು. ಐದು ಗೇರಿನ ಹೊಸ ಗೇರ್‌ಬಾಕ್ಸ್ ಕೂರಿಸಿ ಒಮ್ಮೆಲೇ ತೋರಿಸಬೇಕು. ಮೂಗಿನ ಮೇಲೆ ಬೆರಳಿಡಬೇಕು ಇವಳು.

ಮಾರ್ಚ್ 16
ಹಳೇ ಬಾಕ್ಸ್ ಇಳಿಸಿದೆ. ಬೆನ್ನು ಹಿಡಿದುಕೊಂಡಿದೆ.

ಇವಳ ಅಕ್ಕನ ಫೋನ್. ಹಾಸಿಗೆ ಹಿಡಿದು ಎರಡು ತಿಂಗಳಾದರೂ ನಾಲಿಗೆ ಮಾತ್ರ ಮೊದಲಿನಂತೆಯೇ ಇದೆ. “ಏನಪ್ಪಾ, ನಿನ್ನ ಕಾರು ನಾನು ಹೋದ್ಮೇಲೆ ಹೊರಡುತ್ತೋ ಹೇಗೆ? ನಾನು ಡ್ರೈವಿಂಗ್ ಕಲಿತಿದ್ದೇ ಅದ್ರಲ್ಲಿ. ಒಂದು ಸುತ್ತು ಹಾಕ್ಸು ಮಾರಾಯ, ಸಾಕು.”

“ಹದಿನೈದೇ ದಿನ ಅಕ್ಕಾ” ಅಂದೆ.

ಏಪ್ರಿಲ್ 20
ಎಂಜಿನ್ನಿಗೂ ಹೊಸ ಬಾಕ್ಸಿಗೂ ಎಣ್ಣೆ ಸೀಗೆಕಾಯಿ. ಲೇತ್‌ನವನು ನಡುವೆ ಕೂರಿಸಲು ಪ್ಲೇಟ್ ಮಾಡಿಕೊಟ್ಟ. “ಎಂಜಿನ್ ಕಡೆ ಇಂಚಿನ ಬೋಲ್ಟು, ಬಾಕ್ಸ್ ಕಡೆ ಎಂಎಂ. ನೋಡೋಕೆ ಒಂದೇ ಥರ. ಬೆರೆಸಿಬಿಟ್ಟೀರ ಸಾರ್!” ಅಂದ. ನನಗೇ ಪಾಠ ಹೇಳುತ್ತಾನೆ!

ಮೇ 11, ಭಾನುವಾರ
ಇವಳು ಬಸ್ಸಿನಲ್ಲಿ ಹೋಗಿ ಅಕ್ಕನನ್ನು ನೋಡಿ ಬಂದಳು. “ಅಕ್ಕ ಈಗ ಅರ್ಧ ಗಂಟೆ ಕೂತ್ರೆ ಹೆಚ್ಚು. ಬರೋ ಭಾನುವಾರಕ್ಕೆ ಕಾರು ಆಗುತ್ತೇನ್ರೀ?”

“ಆಗದೆ ಏನು? ಆಗುತ್ತೆ.”

ಮೇ 17, ಶನಿವಾರ ಸಂಜೆ
ಪ್ಲೇಟನ್ನು ಎಂಜಿನ್ನಿಗೆ ಬಿಗಿಯುವಾಗ ಒಂದು ಬೋಲ್ಟ್ ಕಡಿಮೆ ಬಿತ್ತು. ಡಬ್ಬಿಯಲ್ಲಿ ಅಂಥದ್ದೇ ಕಂಡಿತು. ಮೂರು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿ. ತುಕ್ಕಿರಬೇಕು ಅಂದುಕೊಂಡು ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಜಗ್ಗಿದೆ. ಟಕ್! ಎಂಎಂ ಬೋಲ್ಟು, ಇಂಚಿನ ತೂತು. ಎಂಜಿನ್ ಬ್ಲಾಕ್‌ನ ಅಂಚೇ ಸೀಳಿಹೋಯಿತು. ಎಂಥ ಕತ್ತೆ ನಾನು.

ಮೇ 18
ಅಕ್ಕ ಹತ್ತು ಗಂಟೆಗೇ ತಲೆ ಬಾಚಿಸಿಕೊಂಡು, ಒಳ್ಳೆ ಸೀರೆ ಉಟ್ಟು ಬಾಗಿಲ ಬಳಿ ಕುರ್ಚಿ ಹಾಕಿಸಿ ಕೂತಿದ್ದಳಂತೆ. ಫೋನ್‌ನಲ್ಲಿ “ಪಾರ್ಟ್ ಸರಿಯಾಗಿ ಬಂದಿಲ್ಲ ಅಕ್ಕಾ” ಅಂದೆ. ಸುಳ್ಳು. “ಹೋಗ್ಲಿ ಬಿಡು, ನಾನೆಲ್ಲಿ ಓಡಿಹೋಗ್ತೀನಿ” ಅಂದಳು.

ಜೂನ್ 3
ಅಕ್ಕ ಹೋದಳು. ಮೊನ್ನೆ ಮಧ್ಯಾಹ್ನ.

ಜೂನ್ 22, ಭಾನುವಾರ
ಸೀಳಿದ ಅಂಚಿಗೆ ಬೆಸುಗೆ ಹಾಕಿಸಿದೆ, ಕಾರು ಓಡುತ್ತಿದೆ. ಐದನೇ ಗೇರು ಬೆಣ್ಣೆ. ಒಂದು ಕರಕರ ಇಲ್ಲ. ಯಾರಿಗೆ ಬೇಕಿತ್ತು ಇದು? ಅರ್ಧ ಗಂಟೆ ಸುತ್ತಾಡಿಸಲು ಆ ಹಳೇ ಕರಕರ ಗೇರೇ ಸಾಕಾಗಿತ್ತು. ನನ್ನ ಹೆಚ್ಚುಗಾರಿಕೆ, ಇನ್ನೇನಲ್ಲ. ನನಗೆ ಚಪ್ಪಾಳೆ ಬೇಕಿತ್ತು.

ಇವಳನ್ನು ಕೂರಿಸಿಕೊಂಡು ಹೊರಟೆ. ಆಮೇಲೆ ನನ್ನ ತೋಳು ಮುಟ್ಟಿ, “ನೀವು ಕೊರಗ್ಬೇಡಿ. ಊಟ ಬಿಟ್ಟು ದುಡಿದದ್ದು ನಾನು ನೋಡಿಲ್ವಾ? ಓಡೋ ಕಾರಾಗಿದ್ರೆ ಕರ್ಕೊಂಡು ಹೋಗ್ತಾನೇ ಇದ್ರಿ” ಅಂದಳು.

“ಹೂಂ” ಅಂದೆ.

ಜೂನ್ 23, ಬೆಳಿಗ್ಗೆ 8
ಕಾರು ಮಾರ್ಚ್‌ನಲ್ಲೇ ಓಡಿತ್ತು ಅಂತ ಹೇಳಿಬಿಡುವುದೇ ಸರಿ. ಕರೆದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. “ಏನ್ರೀ?”

“ಮಾರ್ಚ್‌ನಲ್ಲಿ...” ಅಂದೆ. ಅಷ್ಟಕ್ಕೇ ಈ ಡೈರಿ ಎಳೆದುಕೊಂಡೆ.

“ಮಾರ್ಚ್‌ನಲ್ಲಿ ಏನು?”

ಬಾಗಿಲಲ್ಲೇ ನಿಂತಿದ್ದಾಳೆ. ನಾನು ಏನೋ ಲೆಕ್ಕ ಬರೆಯುವವನಂತೆ ತಲೆ ತಗ್ಗಿಸಿಕೊಂಡು ಇದನ್ನೇ ಬರೆಯುತ್ತಿದ್ದೇನೆ.